ಕಣ್ಣು ಮುಚ್ಚಿ ಹೇಳಿದ ಹೆಸರು

ಈಸ್ಟರ್ ಹಬ್ಬ ಮುಗಿದ ವಾರ ಬೆಟಗೇರಿಯ ನನ್ನ ಮನೆಗೆ ಇಬ್ಬರು ಬಂದಿದ್ದರು. ಇಬ್ಬರೂ ಉಪದೇಶಿಯ ಕೆಲಸಕ್ಕೆ ಹೊಸದಾಗಿ ಸೇರಿದವರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ದೊಡ್ಡ ಫೋನು, ಮುಖದಲ್ಲಿ ಇನ್ನೂ ದಣಿಯದ ಉತ್ಸಾಹ. ಚಹಾ ಕುಡಿದು ಚುರಮುರಿ ಮುಗಿಸಿದ ಮೇಲೆ ಒಬ್ಬಾತ ಕೇಳಿದ, "ಸರ್, ಮೂವತ್ನಾಕ ವರ್ಷ ಈ ಕೆಲಸ ಮಾಡೀರಿ. ನಮಗ ಏನರ ನಾಕ ಮಾತ ಹೇಳ್ರಿ." ಆರಾಧನೆಯಲ್ಲಿ ಕೊಡುವ ಪ್ರಸಂಗವನ್ನು ಹೇಗೆ ಕಟ್ಟಬೇಕು, ಮುನಿಸಿಕೊಂಡ ಹಿರಿಯರನ್ನು ಹೇಗೆ ಸಂಭಾಳಿಸಬೇಕು ಎಂಬುದನ್ನೆಲ್ಲ ಹೇಳುತ್ತೇನೆಂದು ಅವರು ಕಾದರು. ನಾನು ಚಹಾದ ಕಪ್ಪುಗಳನ್ನು ಎತ್ತಿ ಒಂದು ಕಡೆ ಇಡತೊಡಗಿದೆ. ಮುದುಕನಿಗೆ ಕಿವಿ ಕೇಳಿಸಲಿಲ್ಲವೇನೋ ಎಂದು ಆತ ಇನ್ನೊಮ್ಮೆ ಜೋರಾಗಿ ಕೇಳಿದ. "ಬರದ ಕೊಡ್ತೀನಿ, ಹೋಗ್ರಿ" ಎಂದು ಕಳಿಸಿದೆ. ಕೊಟ್ಟ ಮಾತಿಗಾಗಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ದೊಡ್ಡಸ್ತಿಕೆ ಏನಾದರೂ ಸಿಕ್ಕೀತೆಂದು ಓದಬೇಡಿ.

ಉಪದೇಶಿ ಎಂದರೆ ಸಭೆಯ ಪಾದ್ರಿ ಅಯ್ಯನವರ ಕೈಕೆಳಗಿನವನು. ದೀಕ್ಷಾಸ್ನಾನ, ಪ್ರಭುಭೋಜನದ ರೊಟ್ಟಿ ದ್ರಾಕ್ಷಾರಸ, ಮದುವೆ ಇವೆಲ್ಲ ಅಯ್ಯನವರ ಪಾಲು. ಬಸ್ಸು, ಬಿಸಿಲು, ಚಹಾ ನಮ್ಮ ಪಾಲು. ಬೆಟಗೇರಿಯ ಸಭೆಗೆ ಸೇರಿದ ಮನೆಗಳು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಚೆದುರಿಕೊಂಡಿದ್ದವು. ಒಂದೊಂದು ಊರಿನಲ್ಲಿ ಬೆರಳಲ್ಲಿ ಎಣಿಸುವಷ್ಟು. ಕುರ್ತಕೋಟಿ, ಯಳವತ್ತಿ ಕಡೆಯ ಹಳ್ಳಿಗಳಲ್ಲಿ ಒಂದೊಂದೇ ಮನೆ. ಅಕ್ಕಪಕ್ಕದ ರೈತರು, ವ್ಯಾಪಾರಸ್ಥರು ಒಳ್ಳೆಯವರೇ. ಹಬ್ಬಕ್ಕೆ ಹೋಳಿಗೆ ಕೊಡುವವರು, ಸತ್ತರೆ ಹೆಗಲು ಕೊಡುವವರು. ಆದರೆ ಕಷ್ಟ ಬಂದಾಗ ತನ್ನವರು ತನ್ನ ಹೆಸರು ಹಿಡಿದು ದೇವರ ಮುಂದೆ ಮೊಣಕಾಲೂರುತ್ತಿದ್ದಾರೆ ಎಂಬ ಧೈರ್ಯವೇ ಬೇರೆ. ದೂರದ ಆ ಒಂಟಿ ಮನೆಗಳಿಗೆ ಬೆಟಗೇರಿಯ ಸಭೆ ತವರುಮನೆ ಇದ್ದ ಹಾಗೆ. ತವರಿಗೂ ಅವರಿಗೂ ನಡುವೆ ಓಡಾಡುವ ಆಳು ನಾನು.

ಪ್ರಸಂಗ ಮಾಡುವುದೇ ನಮ್ಮ ಕೆಲಸ ಎಂದು ಜನ ತಿಳಿದಿದ್ದಾರೆ. ಅಲ್ಲ. ಬಸ್ಸಿನಿಂದ ಇಳಿದು, ಮನೆಗೆ ಹೋಗಿ, ಕೊಟ್ಟ ನೀರು ಕುಡಿದು, "ಏನ ಪ್ರಾರ್ಥನಿ ಮಾಡೋಣ್ರಿ?" ಎಂದು ಕೇಳುವುದು ಕೆಲಸ. ಅವರು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡು ಬುಧವಾರದ ಕೂಟಕ್ಕೂ ಭಾನುವಾರದ ಆರಾಧನೆಗೂ ತರಬೇಕು. ನಮ್ಮ ಸಭೆಯಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಸುಮ್ಮನೆ "ರೋಗಿಗಳನ್ನು ಕಾಪಾಡು" ಎಂದು ಒಟ್ಟಾರೆ ಬೇಡುವಂತಿಲ್ಲ. ಹೆಸರು ಹೇಳಬೇಕು, ಊರು ಹೇಳಬೇಕು. ಬುಧವಾರದ ಕೂಟಕ್ಕೆ ಬಂದವರು ಒಬ್ಬೊಬ್ಬರು ಒಂದೊಂದು ಹೆಸರನ್ನು ಕೇಳಿ ತೆಗೆದುಕೊಂಡು ಹೋಗಿ, ಮುಂದಿನ ಬುಧವಾರದವರೆಗೆ ಬೆಳಿಗ್ಗೆ ಸಂಜೆ ಆ ಹೆಸರಿಗಾಗಿ ಪ್ರಾರ್ಥಿಸಬೇಕು. ಆಗುವುದಾದರೆ ಹೋಗಿ ನೋಡಿಯೂ ಬರಬೇಕು. ಮಗ್ಗದ ಮುಂದೆ ಕೂತ ಹೆಂಗಸರು ಲಾಳಿಯ ಓಡಾಟಕ್ಕೆ ಸರಿಯಾಗಿ ಮುಂಡರಗಿಯ ಯಾರದೋ ಹೆಸರನ್ನು ತುಟಿಯಲ್ಲೇ ಹೇಳಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮೊದಲ ವರ್ಷದ ಒಂದು ಸಂಗತಿ ಹೇಳಿಬಿಡುತ್ತೇನೆ, ಮುಂದೆ ನಗುವುದಕ್ಕೆ ಹೆಚ್ಚೇನೂ ಇಲ್ಲ. ಯಳವತ್ತಿಯಲ್ಲಿ ನಮ್ಮವರ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಪಕ್ಕದ ಮನೆಯ ರೈತ ಶಂಕ್ರಪ್ಪ ಬಂದು, "ಉಪದೇಶಿಗಳ, ನಿಮ್ಮ ಮಂದಿ ಹೆಸರ ಹಿಡದ ಬೇಡತಾರಂತಲ್ರಿ. ನಮ್ಮ ಎಮ್ಮೀಗೂ ಒಂದ ಮಾತ ಹಾಕ್ರಿ. ದಿನ ತುಂಬಿ ಹದಿನೈದ ದಿನಾ ಆತು, ಈಯವಲ್ದು" ಎಂದ. ನಾನು ಬರೆದುಕೊಂಡೆ: ಯಳವತ್ತಿ, ಶಂಕ್ರಪ್ಪನ ಎಮ್ಮೆ. ಬುಧವಾರ ಅಯ್ಯನವರು ಕನ್ನಡಕ ಏರಿಸಿಕೊಂಡು ಓದುತ್ತ ಅಲ್ಲಿಗೆ ಬಂದು ನಿಂತರು.

"ಹೆಸರೇನೋ?"

"ಶಂಕ್ರಪ್ಪರಿ."

"ಶಂಕ್ರಪ್ಪಂದಲ್ಲೋ. ಎಮ್ಮೀದು."

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ನನಗೆ ಎಮ್ಮೆಯ ಹೆಸರು ಗೊತ್ತಿರಲಿಲ್ಲ. ಹಿಂದೆ ಕೂತಿದ್ದ ಒಬ್ಬ ನೇಕಾರ ಅಜ್ಜಿ ಕೈ ಎತ್ತಿ, "ಇರ್ಲಿ ಬಿಡ್ರಿ, ಆ ಎಮ್ಮಿ ನನಗಿರ್ಲಿ" ಎಂದು ತೆಗೆದುಕೊಂಡಳು. ಎಮ್ಮೆ ಈಯಿತು. ಶಂಕ್ರಪ್ಪನ ಮನೆಯಿಂದ ಬೆಟಗೇರಿಗೆ ಬಸ್ಸಿನಲ್ಲಿ ಒಂದು ಡಬ್ಬಿ ಗಿಣ್ಣ ಬಂತು. ಅದನ್ನು ದೇವಾಲಯದ ಮೆಟ್ಟಿಲ ಮೇಲೆ ಕೂತು ಎಲ್ಲರೂ ತಿಂದೆವು.

ಅಂದು ಸಂಜೆ ಅಯ್ಯನವರು ನನ್ನನ್ನು ತಮ್ಮ ಪಡಸಾಲೆಗೆ ಕರೆದರು. ಅವರು ಉದ್ದನೆಯ, ಬಿಗಿ ಮುಖದ ಮನುಷ್ಯ. ಮಾತು ಕಡಿಮೆ. ಬೈಯುತ್ತಾರೆಂದು ಅಂದುಕೊಂಡೆ. ಅವರು ನನ್ನ ಪುಸ್ತಕ ತೆಗೆದುಕೊಂಡು ಕೆಲವು ಹೆಸರುಗಳ ಹಿಂದೆ ಕೆಂಪು ಶಾಯಿಯ ಚುಕ್ಕಿ ಇಟ್ಟು ತೋರಿಸಿದರು. "ಮಂದಿ ನಿನಗ ಹೇಳಿದ್ರ ಸಭಾಕ್ಕ ಹೇಳಿದಂಗ ಅಲ್ಲ, ತಿಳೀತಿಲ್ಲ? ಚಹಾ ಕುಡದ ಏಳೂಮುಂದ ಕೇಳು, ಇದನ್ನ ಸಭಾದಾಗ ಓದಲೇನ್ರಿ ಅಂತ. ಹೂಂ ಅಂದ್ರ ಚುಕ್ಕಿ ಇಡು. ಒಲ್ಲೆ ಅಂದ್ರ ನಿನ್ನ ಹೊಟ್ಯಾಗ ಇಟಗೊಂಡು ನೀ ಒಬ್ಬವನ ಬೇಡು." ನಾನು ಹೂಂ ಎಂದೆ. ಮನಸ್ಸಿನಲ್ಲಿ ಮಾತ್ರ, ಈ ಹಿರಿಯರಿಗೆ ಎಲ್ಲದರಲ್ಲೂ ಒಂದು ಕಟ್ಟುಪಾಡು ಬೇಕು ಎಂದುಕೊಂಡೆ. ಅವರು ಬೆಟಗೇರಿಯಲ್ಲಿ ಇರುವತನಕ ಅಂಜಿಕೆಯಿಂದ ಚುಕ್ಕಿ ಇಟ್ಟೆ.

ಈಗ ಯಾರ ವಿಷಯ ಬರೆಯಲೆಂದು ಕೂತಿದ್ದೇನೋ ಅವರ ವಿಷಯ. ಅವರನ್ನು ಎಸ್ತೇರವ್ವ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಮಗಳನ್ನು ಸುಗುಣ ಎನ್ನುತ್ತೇನೆ. ಅದೂ ಅಲ್ಲ. ಊರು ಮೇಲೆ ಹೇಳಿದ ಮೂರರಲ್ಲಿ ಒಂದು, ಯಾವುದೆಂದು ಕೇಳಬೇಡಿ. ಬರೆಯುವ ಮೊದಲು ಹೋಗಿ ಇಬ್ಬರನ್ನೂ ಕೇಳಿದೆ. ತಾಯಿ ಮಗಳ ಕಡೆ ಕೈ ತೋರಿಸಿದರು. ಮಗಳು, "ಬರೀರಿ, ಹೊಸಬರಿಗೆ ತಿಳೀಲಿ. ನಮ್ಮ ಗುರ್ತ ಮಾತ್ರ ಬ್ಯಾಡ" ಎಂದಳು.

ಎಸ್ತೇರವ್ವನ ಗಂಡ ಟೆಂಪೊ ಓಡಿಸುತ್ತಿದ್ದ. ಮೆಣಸಿನಕಾಯಿ ಚೀಲ ಹೇರಿಕೊಂಡು ಹೋದವನು ಹೆಣವಾಗಿ ಬಂದ. ಆಗ ಸುಗುಣಳಿಗೆ ಎಂಟೋ ಒಂಬತ್ತೋ ವರ್ಷ. ನಾನು ಎಸ್ತೇರವ್ವನ ಹೆಸರನ್ನು ಬೆಟಗೇರಿಗೆ ತಂದೆ, ಅವರೇ ತರಲು ಹೇಳಿದ್ದರು. ಆ ವಾರ ಆ ಹೆಸರನ್ನು ಒಬ್ಬರಲ್ಲ, ಕೂಟಕ್ಕೆ ಬಂದವರೆಲ್ಲ ತೆಗೆದುಕೊಂಡರು. ಮುಂದೆ ಒಂದು ತಿಂಗಳು ದಿನಕ್ಕೆ ಒಬ್ಬ ಹೆಂಗಸು ರೊಟ್ಟಿ ಗಂಟು ಕಟ್ಟಿಕೊಂಡು ಬಸ್ಸು ಹತ್ತಿ ಹೋಗಿ ಎಸ್ತೇರವ್ವನ ಪಕ್ಕ ಕೂತು ಬಂದಳು. ಒಬ್ಬಳು ತನ್ನ ಹಳೆಯ ಹೊಲಿಗೆ ಯಂತ್ರ ಕೊಟ್ಟಳು. ಅದರ ಮೇಲೆ ಜಂಪರ ಹೊಲಿಯುತ್ತ ಎಸ್ತೇರವ್ವ ಮಗಳನ್ನು ಬೆಳೆಸಿದರು. ವರ್ಷ ತುಂಬಿದ ಮೇಲೆ ಬೆಟಗೇರಿಗೆ ಬಂದು ಸಭೆಯ ಮುಂದೆ ದೇವರ ಉಪಕಾರಕ್ಕೆ ಸಾಕ್ಷಿ ಹೇಳಿದರು. "ನನಗ ಆಗ ಪ್ರಾರ್ಥನಿ ಮಾಡಾಕ ಬರತಿರಲಿಲ್ರಿ. ಬಾಯಿ ಒಣಗಿತ್ತು. ನನ್ನ ಬದ್ಲಿ ನೀವ ಮಾಡಿದ್ರಿ. ನಿಮ್ಮ ನಂಬಿಕಿ ಮ್ಯಾಲ ನಾ ಬದುಕೀನಿ" ಎಂದು ಕೂತುಬಿಟ್ಟರು. ಇಷ್ಟು ವರ್ಷಗಳಲ್ಲಿ ನಾನು ಕೇಳಿದ ಸಾಕ್ಷಿಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಆಮೇಲೆ ಪ್ರತಿ ತಿಂಗಳೂ ನಾನು ಹೋದಾಗ ಅವರ ಬಳಿ ಒಂದು ಪಟ್ಟಿಯೇ ಇರುತ್ತಿತ್ತು: ಸೋರುವ ಮಾಳಿಗೆ, ಮಗಳ ಪರೀಕ್ಷೆ, ಓಣಿಯ ಯಾರದೋ ಕೆಮ್ಮು.

ಅಯ್ಯನವರಿಗೆ ಬೇರೆ ಊರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ಸಭೆಯ ಕಟ್ಟಡ, ಕಮಿಟಿ ಎಂದು ಓಡಾಡುವವರು. ಈ ಹೆಸರುಗಳಿಗಾಗಿ ಬೇಡುವ ವಿಜ್ಞಾಪನೆಯ ಪ್ರಾರ್ಥನೆ ನೀನೇ ಮಾಡು ಎಂದು ನನಗೆ ಬಿಟ್ಟರು. ಇಲ್ಲಿಂದ ನನ್ನ ತಲೆ ತಿರುಗಿತು, ನೇರವಾಗಿ ಹೇಳಿಬಿಡುತ್ತೇನೆ. ನನಗೆ ಚೆನ್ನಾಗಿ ಪ್ರಾರ್ಥಿಸಲು ಬರುತ್ತಿತ್ತು. ಬರೀ ಹೆಸರಿಗೆ ನಿಲ್ಲದೆ ಒಬ್ಬೊಬ್ಬರ ಕಷ್ಟವನ್ನೂ ಬಿಡಿಸಿ, ಕಣ್ಣಿಗೆ ಕಟ್ಟುವಂತೆ ದೇವರಿಗೆ ಹೇಳುತ್ತಿದ್ದೆ. ದೇವರಿಗೆ ಮೊದಲೇ ಗೊತ್ತಿರುವುದನ್ನು ಅಷ್ಟು ವಿವರವಾಗಿ ಯಾಕೆ ಹೇಳಬೇಕು ಎಂದು ನನಗೆ ಹೊಳೆಯಲಿಲ್ಲ. ಜನ ಅಳುತ್ತಿದ್ದರು. ಆರಾಧನೆ ಮುಗಿದ ಮೇಲೆ ಕೈ ಹಿಡಿದು, "ಇವತ್ತ ಭಾಳ ಛಲೋ ಆತ್ರಿ ಪ್ರಾರ್ಥನಿ" ಎನ್ನುತ್ತಿದ್ದರು. ಆ ಮಾತಿನ ರುಚಿ ಹತ್ತಿತ್ತು. ಕೆಂಪು ಚುಕ್ಕಿ ಯಾವಾಗ ನಿಂತುಹೋಯಿತೋ ನನಗೇ ನೆನಪಿಲ್ಲ.

ಸುಗುಣ ಓದಿ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಆದಳು. ಹುಬ್ಬಳ್ಳಿಯ ಕಡೆಯಿಂದ ಸಂಬಂಧ ಕೂಡಿಬಂತು, ನಮ್ಮವರೇ. ಹುಡುಗ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಇಬ್ಬರೂ ಮೆಚ್ಚಿಕೊಂಡು ನಿಶ್ಚಯವೂ ಆಯಿತು. ಆ ತಿಂಗಳು ನಾನು ಹೋದಾಗ ಎಸ್ತೇರವ್ವ ಬಾಗಿಲು ಅರ್ಧ ಮುಚ್ಚಿ, ದನಿ ತಗ್ಗಿಸಿ ಹೇಳಿದರು. ಸುಗುಣಳಿಗೆ ಹದಿನಾಲ್ಕನೆಯ ವಯಸ್ಸಿನಿಂದ ಮೂರ್ಛೆ ಬರುತ್ತಿತ್ತು. ಡಾಕ್ಟರು ಕೊಟ್ಟ ಗುಳಿಗೆಯಿಂದ ನಿಂತು ಮೂರು ವರ್ಷದ ಮೇಲಾಗಿತ್ತು. ಗುಳಿಗೆ ಮಾತ್ರ ಇನ್ನೂ ನಡೆದಿತ್ತು. "ಮುಚ್ಚಿಟ್ಟ ಮಾಡೂದ ಬ್ಯಾಡ ಅಂತಾಳ್ರಿ ಆಕಿ. ಬರೂ ವಾರ ಹುಡುಗ ಬರತಾನ. ತಾನ ಕುಂತ ಅವಗ ಹೇಳತಾಳಂತ. ಆಕೀಗೆ ಧೈರ್ಯ ಕೊಡಲಿ ಅಂತ ಬೇಡ್ರಿ. ಅವಗ ಒಪ್ಪೂ ಮನಸ ಕೊಡಲಿ ಅಂತ ಬೇಡ್ರಿ." ನಾನು ಬರೆದುಕೊಂಡೆ. ಚಹಾ ಕುಡಿದು ಎದ್ದೆ. ಸಭೆಯಲ್ಲಿ ಓದಲೇ ಎಂದು ಕೇಳಲಿಲ್ಲ.

ಆ ಭಾನುವಾರ ದೇವಾಲಯ ತುಂಬಿತ್ತು. ನನ್ನ ಪ್ರಾರ್ಥನೆಯೂ ಕಾವೇರಿತ್ತು. ಕಣ್ಣು ಮುಚ್ಚಿ, ಕೈ ಎತ್ತಿ, ಊರು ಹೇಳಿದೆ, ತಾಯಿಯ ಹೆಸರು ಹೇಳಿದೆ, ಮಗಳ ಹೆಸರು ಹೇಳಿದೆ. ತಂದೆ ಇಲ್ಲದ ಈ ಮಗಳ ಮೂರ್ಛೆ ರೋಗವನ್ನು ನೀನು ಬಲ್ಲೆ ಕರ್ತನೇ ಎಂದೆ. ಕೈಹಿಡಿಯುವವನ ಮುಂದೆ ಅದನ್ನು ಬಿಚ್ಚಿ ಹೇಳುವ ಧೈರ್ಯ ಕೊಡು ಎಂದೆ. ಸಭೆಯೆಲ್ಲ ಜೋರಾಗಿ ಆಮೆನ್ ಎಂದಿತು.

ಮೂರನೆಯ ಬೆಂಚಿನಲ್ಲಿ ಹುಡುಗನ ಚಿಗವ್ವ ಕೂತಿದ್ದರು. ಅವರು ಬೆಟಗೇರಿಯವರೇ, ನಮ್ಮ ಸಭೆಯವರೇ, ಪ್ರತಿ ಭಾನುವಾರ ಅದೇ ಬೆಂಚು. ನನಗೆ ಗೊತ್ತಿರಲಿಲ್ಲ ಎಂದು ಬರೆದುಕೊಂಡರೆ ನನಗೆ ಹಗುರವಾಗುತ್ತಿತ್ತು. ಗೊತ್ತಿತ್ತು. ನಿಶ್ಚಯದ ಊಟಕ್ಕೆ ನಾನೂ ಅವರೂ ಒಂದೇ ಗಾಡಿಯಲ್ಲಿ ಹೋಗಿದ್ದೆವು. ಕಣ್ಣು ಮುಚ್ಚಿದಾಗ ಮರೆತಿತ್ತು. ಕಣ್ಣು ತೆರೆದಾಗ ಅವರ ಮುಖ ಕಂಡಿತು. ಅವರು ನನ್ನನ್ನಲ್ಲ, ನೆಲವನ್ನು ನೋಡುತ್ತಿದ್ದರು.

ಆ ಹೆಂಗಸಿನದು ತಪ್ಪಿಲ್ಲ. ಅಕ್ಕನ ಮಗನ ಬಾಳಿನ ಪ್ರಶ್ನೆ, ಅಕ್ಕನಿಗೆ ಫೋನು ಮಾಡಿದರು. ಮಂಗಳವಾರದ ಹೊತ್ತಿಗೆ ಸಂಬಂಧ ಮುರಿಯಿತು. ರೋಗಕ್ಕಾಗಿ ಮುರಿದೆವು ಎಂದು ಹುಡುಗನ ಮನೆಯವರು ಹೇಳಲಿಲ್ಲ. ಮುಚ್ಚಿಟ್ಟರು, ಮೋಸ ಮಾಡಲು ನಿಂತಿದ್ದರು ಎಂದು ಹೇಳಿದರು. ಆ ಮಾತು ನಮ್ಮ ಜನರಿರುವ ಊರೂರಿಗೂ ಹಬ್ಬಿತು. ಎಂಟು ದಿನದಲ್ಲಿ ತಾನಾಗಿ ಹೇಳಲಿದ್ದ ಹುಡುಗಿ ಮುಚ್ಚಿಟ್ಟವಳಾದಳು.

ನಾನು ಹೋದಾಗ ಎಸ್ತೇರವ್ವ ಯಂತ್ರದ ಮುಂದೆ ಕೂತಿದ್ದರು. ಎದ್ದು ನೀರು ಕೊಟ್ಟರು. ಬೈಯಲಿಲ್ಲ. "ಉಪದೇಶಿಗಳ, ನಾವ ಹೇಳತಿದ್ವಿ. ಇನ್ನ ಎಂಟ ದಿನಾ ಇತ್ತು" ಎಂದರು, ಅಷ್ಟೇ. ಆಗ ಅವರ ಕಾಲಿಗೆ ಬಿದ್ದು ತಪ್ಪಾಯಿತು ಎನ್ನಬೇಕಿತ್ತು. ನಾನು ಏನು ಹೇಳಿದೆ ಗೊತ್ತೇ? "ಅಕ್ಕಾರ, ದೇವರ ಚಿತ್ತ ಇದ್ದಿದ್ರ ಮುರೀತಿರಲಿಲ್ಲ. ಇದಕ್ಕಿಂತ ಛಲೋ ಸಂಬಂಧ ಇಟ್ಟಿರತಾನ." ಎಷ್ಟೋ ಮನೆಗಳಲ್ಲಿ ಹೇಳಿ ಹೇಳಿ ಸವೆದ ಮಾತು, ನಾಲಿಗೆಯ ತುದಿಯಲ್ಲೇ ಇತ್ತು. ನನ್ನ ತಪ್ಪನ್ನು ದೇವರ ತಲೆಗೆ ಕಟ್ಟಿದೆ. ಹೊಸಬರೇ, ಹೆಸರು ಹೇಳಿದ್ದು ಮೈಮರೆವಿನ ತಪ್ಪು ಎಂದಾದರೂ ಹೇಳಬಹುದು. ಈ ಮಾತನ್ನು ಕಣ್ಣು ಬಿಟ್ಟುಕೊಂಡು ಹೇಳಿದೆ. ಇಂದಿಗೂ ಅದು ನೆನಪಾದರೆ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಮುಂದಿನ ತಿಂಗಳು ಹೋಗಿ ಎಂದಿನಂತೆ ಕೇಳಿದೆ, "ಪ್ರಾರ್ಥನಿ ವಿಷಯ ಏನರ ಐತೇನ್ರಿ ಅಕ್ಕಾರ?"

"ಏನಿಲ್ರಿ. ಎಲ್ಲಾ ಛಲೋ ಐತಿ."

ಅದರ ಮುಂದಿನ ತಿಂಗಳೂ ಅದೇ ಉತ್ತರ. ಅದರ ಮುಂದಿನ ವರ್ಷವೂ ಅದೇ. ಸಭೆಯ ಹೆಂಗಸರು ಹೋದರೂ ಚಹಾ ಕೊಟ್ಟು, ನಗುತ್ತಲೇ ಮಾತಾಡಿ, ಏನಿಲ್ರಿ ಎನ್ನುತ್ತಿದ್ದರು. ದೇವಾಲಯಕ್ಕೆ ಬರುವುದನ್ನು ಬಿಡಲಿಲ್ಲ. ಹಬ್ಬಕ್ಕೆ ತಪ್ಪದೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ಹೋಗುತ್ತಿದ್ದರು. ಒಂದು ಮಳೆಗಾಲ ಅವರ ಮನೆಯ ಹಿತ್ತಲ ಗೋಡೆ ಬಿತ್ತು. ತಿಂಗಳ ಮೇಲೆ ನಾನು ಹೋದಾಗ ಹೊಸ ಇಟ್ಟಿಗೆ ಕಂಡು ತಿಳಿಯಿತು. ಕಣ್ಣಿನ ಆಪರೇಶನ್ ಆದದ್ದನ್ನು ಓಣಿಯ ಕಿರಾಣಿ ಅಂಗಡಿಯವರು ಹೇಳಿದರು. ಆ ದಿನಗಳಲ್ಲಿ ಬೆಟಗೇರಿಯಲ್ಲಿ ಯಾರೂ ಆ ಹೆಸರನ್ನು ತೆಗೆದುಕೊಳ್ಳಲಿಲ್ಲ, ಯಾರೂ ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತಲಿಲ್ಲ. ಗೊತ್ತಿದ್ದರೆ ತಾನೆ? ನಮ್ಮ ನಂಬಿಕೆಯ ಮೇಲೆ ಬದುಕಿದೆ ಎಂದಿದ್ದ ಹೆಂಗಸು ನಮ್ಮ ನಡುವೆಯೇ ಒಂಟಿಯಾದರು. ಸಂಬಂಧ ಮುರಿದದ್ದು ದೊಡ್ಡದೇ. ನಾನು ಅವರಿಂದ ಕಿತ್ತುಕೊಂಡದ್ದು ಅದಕ್ಕಿಂತ ದೊಡ್ಡದು.

ಒಮ್ಮೆ ಧಾರವಾಡಕ್ಕೆ ಹೋದವನು ಹಳೆಯ ಅಯ್ಯನವರ ಮನೆಗೆ ಹೋದೆ. ನಿವೃತ್ತರಾಗಿದ್ದರು. ನಡೆದದ್ದನ್ನೆಲ್ಲ, ಹೆಸರು ಬಿಟ್ಟು, ಹೇಳಿದೆ. ಸಮಾಧಾನದ ಒಂದು ಮಾತಿಗೆ ಬಾಯಿ ಬಿಟ್ಟುಕೊಂಡು ಕೂತಿದ್ದೆ. ಅವರು, "ಚುಕ್ಕಿ ಇಟ್ಟಿದ್ಯೇನು?" ಎಂದು ಕೇಳಿದರು. "ಇಲ್ರಿ" ಎಂದೆ. "ಹೋಗಿ ತಪ್ಪಾತು ಅಂದ್ಯೇನು?" ಅದಕ್ಕೂ ಇಲ್ರಿ ಎಂದೆ. ಅವರು ಚಹಾವನ್ನು ಕಪ್ಪಿನ ಕೆಳಗಿನ ಬಸಿಗೆ ಸುರಿದುಕೊಂಡು ಕುಡಿಯಲು ಶುರುಮಾಡಿದರು. ನನ್ನ ಕಡೆ ನೋಡಲಿಲ್ಲ.

ಆದರೂ ನಾನು ಹೋಗಲಿಲ್ಲ. ಕಾರಣ ಕೇಳಿದರೆ ಹೇಳಲು ಬಹಳ ಇವೆ, ಎಲ್ಲವೂ ಸುಳ್ಳು. ಖರೆ ಹೇಳಬೇಕೆಂದರೆ ನಾಚಿಕೆ. ಇನ್ನೊಬ್ಬರಿಗೆ ಪಾಪ ಒಪ್ಪಿಕೊಳ್ಳಿರಿ ಎಂದು ಹೇಳುವ ಕೆಲಸದವನಿಗೆ ತನ್ನದನ್ನು ಒಪ್ಪಿಕೊಳ್ಳಲು ಆಗದಿದ್ದುದು ತಮಾಷೆಯೇ ಸರಿ.

ನಡುವೆ ಕಾಲ ಬದಲಾಯಿತು. ಪುಸ್ತಕ ಹೋಗಿ ಫೋನಿನ ಗುಂಪು ಬಂತು. ಈಗ ನೀವು ಮನೆಮನೆಗೆ ಹೋಗಬೇಕಾಗಿಲ್ಲ, ವಿಷಯ ನಿಮ್ಮ ಅಂಗೈಗೆ ಬರುತ್ತದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಮೂಗಿಗೆ ನಳಿಕೆ ಹಾಕಿಕೊಂಡವರ ಫೋಟೊ ಬರುತ್ತದೆ. ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಆ ರೋಗಿಗೆ ತನ್ನ ಫೋಟೊ ತೆಗೆದದ್ದಾದರೂ ಗೊತ್ತಿತ್ತೇ ಎಂದು ನಾನು ಒಮ್ಮೆ ಗುಂಪಿನಲ್ಲಿ ಕೇಳಿದೆ. ಅಜ್ಜಾರಿಗೆ ಹೊಸದು ತಿಳಿಯುವುದಿಲ್ಲ ಎಂದು ಯಾರೋ ನಗುವ ಚಿತ್ರ ಹಾಕಿದರು. ನಾನು ಕಣ್ಣು ಮುಚ್ಚಿ ಮಾಡಿದ್ದನ್ನು ನೀವು ಹೆಬ್ಬೆರಳಿನಿಂದ ಮಾಡುತ್ತಿದ್ದೀರಿ. ನನ್ನ ದನಿ ಒಂದು ದೇವಾಲಯದ ಗೋಡೆಯವರೆಗೆ ಹೋಗುತ್ತಿತ್ತು, ನಿಮ್ಮದು ಎಲ್ಲಿಯವರೆಗೆ ಹೋಗುತ್ತದೋ ನಿಮಗೇ ತಿಳಿಯದು.

ನಿವೃತ್ತಿಗೆ ಇನ್ನೂ ಮೂರು ವರ್ಷ ಇದ್ದಾಗ ನನ್ನ ಎದೆ ಕೈಕೊಟ್ಟಿತು. ಹುಬ್ಬಳ್ಳಿಯಲ್ಲಿ ಆಪರೇಶನ್ ಎಂದು ನಿಶ್ಚಯವಾಯಿತು. ನಾನು ಇಷ್ಟು ವರ್ಷ ಎಲ್ಲರ ಹೆಸರು ಹೊತ್ತುಕೊಂಡು ತಿರುಗಿದವನು, ಈಗ ನನ್ನ ಹೆಸರು ಸಭೆಯಲ್ಲಿ ಓದಿದರು. ಬೆಳಗಿನಿಂದ ಸಂಜೆಯವರೆಗೆ ತಾಸಿಗೆ ಒಂದು ಮನೆಯವರಂತೆ ಸರಪಳಿ ಪ್ರಾರ್ಥನೆ ಹಿಡಿದರು. ನನ್ನ ಹೆಂಡತಿ ಪ್ರೇಮಾ ಹಾಸಿಗೆಯ ಪಕ್ಕ ಕೂತು, "ಈಗ ಇಂಥವರ ಮನ್ಯಾಗ ನಡದೈತಿ, ಇನ್ನ ಇಂಥವರದು" ಎಂದು ಹೇಳುತ್ತಿದ್ದಳು. ನನಗೆ ಒಂದು ಮಾತೂ ಪ್ರಾರ್ಥಿಸಲು ಬರಲಿಲ್ಲ. ಅಷ್ಟು ವರ್ಷದ ನನ್ನ ಒಳ್ಳೊಳ್ಳೆಯ ಮಾತುಗಳಲ್ಲಿ ಒಂದೂ ಆ ದಿನ ನನ್ನ ಕೈಗೆ ಸಿಗಲಿಲ್ಲ. ಆ ಮನೆಗಳ ಹೆಸರನ್ನೇ ಹಿಡಿದುಕೊಂಡು ಮಲಗಿದ್ದೆ.

ಆಪರೇಶನ್ ದಿನ ಬೆಳಿಗ್ಗೆ ಬೆಟಗೇರಿಯಿಂದ ನಾಲ್ಕು ಹೆಂಗಸರು ಬಂದರು. ಅವರ ಹಿಂದೆ ಎಸ್ತೇರವ್ವ. ಮೂರು ಬಸ್ಸು ಬದಲಿಸಿ ಬಂದಿದ್ದರು. ಎಲ್ಲರೂ ಒಂದೊಂದು ಮಾತು ಪ್ರಾರ್ಥಿಸಿದರು. ಅವರ ಸರದಿ ಬಂದಾಗ ನನ್ನ ಎದೆ ಹೊಡೆದುಕೊಂಡದ್ದು ರೋಗಕ್ಕಲ್ಲ. "ಅಪ್ಪಾ, ಈ ನಿನ್ನ ಸೇವಕನ ಉಸರ ನಿನ್ನ ಕೈಯಾಗ ಐತಿ. ಇವರ ಮನಿಯಾಕಿ ಅಂಜ್ಯಾಳ, ಆಕೀನ್ನ ಹಿಡಕೋ" ಎಂದರು. ಮುಗಿಯಿತು. ನನ್ನ ರೋಗದ ಹೆಸರಿಲ್ಲ, ನನ್ನ ತಪ್ಪಿನ ಸುಳಿವಿಲ್ಲ. ನನ್ನನ್ನು ಒಳಗೆ ಕರೆದೊಯ್ಯುವಾಗ ಆ ಮಾತೇ ನನಗೆ ಆಧಾರವಾಯಿತು. ಬದುಕಿ ಎದ್ದ ಮೇಲೆ ಒಂದು ಯೋಚನೆ ನನ್ನನ್ನು ಬಿಡಲಿಲ್ಲ. ಗೋಡೆ ಬಿದ್ದಾಗ, ಕಣ್ಣಿಗೆ ಪಟ್ಟಿ ಕಟ್ಟಿದಾಗ, ಈ ತಾಯಿಗೆ ಹಿಡಿದುಕೊಳ್ಳಲು ಯಾರ ಮಾತು ಇತ್ತು?

ನಿವೃತ್ತಿಯ ಭಾನುವಾರ ಸಭೆ ನನಗೆ ವಿದಾಯದ ಆರಾಧನೆ ಇಟ್ಟುಕೊಂಡಿತು. ಆ ದಿನ ಎಲ್ಲರ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡು ಎಸ್ತೇರವ್ವನ ಕ್ಷಮೆ ಕೇಳಬೇಕೆಂದು ನಿಶ್ಚಯಿಸಿದೆ. ಒಂದು ಹಾಳೆಯಲ್ಲಿ ಬರೆದೂ ಇಟ್ಟೆ. ಪ್ರೇಮಾ ಓದಿ, "ಅವರನ್ನ ಕೇಳೀರೇನು?" ಎಂದಳು. ಆ ಒಂದು ಮಾತಿಗೆ ಮಾರನೆಯ ದಿನವೇ ಬಸ್ಸು ಹತ್ತಿದೆ.

ಎಸ್ತೇರವ್ವ ಹೊಲಿಗೆ ಬಿಟ್ಟಿದ್ದರು, ಕಣ್ಣು ಸಾಲುತ್ತಿರಲಿಲ್ಲ. ಸುಗುಣ ಪಕ್ಕದಲ್ಲಿ ಮಕ್ಕಳ ಪರೀಕ್ಷೆಯ ಹಾಳೆ ತಿದ್ದುತ್ತಿದ್ದಳು. ಆಮೇಲೆ ಎರಡು ಸಂಬಂಧ ಬಂದರೂ ಆಕೆ ಒಲ್ಲೆ ಎಂದಿದ್ದಳು. ನಾನು ನೆಲದ ಮೇಲೆ ಕೂತೆ. "ಅಕ್ಕಾರ, ನನ್ನದ ತಪ್ಪು. ದೇವರ ಚಿತ್ತ ಅಲ್ಲ, ನನ್ನ ತಪ್ಪು" ಎಂದೆ. ಹದಿನಾರು ವರ್ಷ ಬೇಕಾಯಿತು ಇಷ್ಟು ಹೇಳಲು. ಭಾನುವಾರದ ವಿಷಯವನ್ನೂ ಹೇಳಿದೆ.

ಎಸ್ತೇರವ್ವ ತಲೆ ಅಲ್ಲಾಡಿಸಿದರು. "ಬ್ಯಾಡ್ರಿ. ಅವತ್ತಿದ್ದವ್ರು ಅರ್ಧ ಮಂದಿ ಈಗಿಲ್ಲ. ಹೊಸಬರಿಗೆ ನಮ್ಮ ಸುದ್ದಿ ಗೊತ್ತಿಲ್ಲ. ನಿಮ್ಮ ಭಾರ ಇಳಸಾಕ ಮತ್ತ ನನ್ನ ಮಗಳ ಹೆಸರ ಯಾಕ್ರಿ?"

ಕ್ಷಮೆ ಕೇಳುವ ಹೆಸರಿನಲ್ಲಿ ಅದೇ ತಪ್ಪನ್ನು ಎರಡನೆಯ ಸಲ ಮಾಡಲು ಹೊರಟಿದ್ದೆ, ಈ ಸಲ ಹಾಳೆಯಲ್ಲಿ ಬರೆದುಕೊಂಡು.

ಸುಗುಣ ಪೆನ್ನು ಕೆಳಗಿಟ್ಟಳು. "ಆ ಹುಡುಗ ಬಿಟ್ಟದ್ದಕ್ಕ ನನಗ ದುಃಖ ಇಲ್ರಿ ಉಪದೇಶಿಗಳ. ನನ್ನ ಬಾಯಿಲೆ ಕೇಳಿದ್ರ ಅವಾ ಏನಂತಿದ್ದ ಅನ್ನೂದು ನನಗ ಗೊತ್ತಾಗಲೇ ಇಲ್ಲಲ್ರಿ. ಅದಕ್ಕ ಐತಿ" ಎಂದು ಮತ್ತೆ ಹಾಳೆ ತಿದ್ದಲು ಬಾಗಿದಳು.

ಹೊರಡುವಾಗ ಬಾಗಿಲ ಬಳಿ ನಿಂತು ಕೇಳಿದೆ, "ಅಕ್ಕಾರ, ನನ್ನ ಕ್ಷಮಿಸಿದ್ರೇನ್ರಿ?"

"ಅದನ್ನ ಅವಾಗ ಮಾಡೀನ್ರಿ. ಕ್ಷಮಾ ಮಾಡದ ಪ್ರಭುಭೋಜನಕ್ಕ ಹೆಂಗ ಬರಲಿ? ಆದ್ರ ಪ್ರಾರ್ಥನಿ ವಿಷಯ ಹೇಳಾಕ ಬಾಯಿ ಬರಾಂಗಿಲ್ರಿ. ಹೇಳಬೇಕಂತೀನಿ, ಬರಾಂಗಿಲ್ಲ. ನಿಮ್ಮ ಮ್ಯಾಲ ಸಿಟ್ಟಲ್ಲ ಇದು."

ವಿದಾಯದ ದಿನ ಹಾರ ಹಾಕಿದರು, ಶಾಲು ಹೊದಿಸಿದರು. ನಾನು ಎರಡು ಮಾತಾಡಿ ಕೂತೆ. ಪ್ರಾರ್ಥನೆ ಮಾಡಿರಿ ಎಂದರು. ಎಲ್ಲರೂ ಮೌನವಾಗಿ ಪ್ರಾರ್ಥಿಸೋಣ ಎಂದೆ. ಮುದುಕನಿಗೆ ದುಃಖ ಉಕ್ಕಿ ಬಂದಿದೆ ಎಂದು ಜನ ತಿಳಿದರು.

ಈ ಬರಹ ಅರ್ಧಕ್ಕೆ ಬಂದಿದ್ದಾಗ ಒಂದು ಮುಂಜಾನೆ ಖಬರ ಬಂತು. ಎಸ್ತೇರವ್ವನನ್ನು ಗದಗಿನ ಒಂದು ಆಸ್ಪತ್ರೆಗೆ ಸೇರಿಸಿ ನಾಲ್ಕು ದಿನವಾಗಿದೆ ಎಂದು. ಹೇಳಿದವನು ಅವರ ಓಣಿಯಿಂದ ಬಾಡಿಗೆಗೆ ಬಂದಿದ್ದ ಆಟೊದವನು. ಬರೆಯುವುದನ್ನು ಬಿಟ್ಟು ಹೋದೆ. ಅವರು ಗೋಡೆಯ ಪಕ್ಕದ ಹಾಸಿಗೆಯಲ್ಲಿದ್ದರು, ಬಹಳ ಇಳಿದಿದ್ದರು. ನನ್ನನ್ನು ಗುರುತಿಸಿ ಕೈ ಎತ್ತಲು ನೋಡಿದರು. ಸುಗುಣ ಎದ್ದು ತನ್ನ ಸ್ಟೂಲು ನನಗೆ ಕೊಟ್ಟಳು.

"ಏನಾಗೇತವ್ವಾ?" ಎಂದು ಆಕೆಯನ್ನು ಕೇಳಿದೆ.

ಸುಗುಣ ತಾಯಿಯ ಮುಖ ನೋಡಿದಳು. ತಾಯಿ ಕಣ್ಣು ಮುಚ್ಚಿಕೊಂಡರು. ಹಾಸಿಗೆಯ ತುದಿಗೆ ತೂಗುಹಾಕಿದ್ದ ಹಾಳೆಗಳನ್ನು ಸುಗುಣ ಮೆಲ್ಲಗೆ ಮಗುಚಿಟ್ಟಳು.

"ಏನಿಲ್ರಿ ಉಪದೇಶಿಗಳ" ಎಂದಳು.

ಹೊರಗೆ ಬಂದು ಗೋಡೆಗೆ ಹಾಕಿದ್ದ ಬೆಂಚಿನ ಮೇಲೆ ಕೂತೆ. ಬೆಟಗೇರಿಗೆ ಫೋನು ಮಾಡಲು ಕೈ ಜೇಬಿಗೆ ಹೋಯಿತು, ಮಾಡಲಿಲ್ಲ. ರೋಗಿಗಳನ್ನು ನೋಡುವ ಹೊತ್ತು ಮುಗಿದು ಜನ ಹೋಗುವವರೆಗೂ ಕೂತು ಪ್ರಾರ್ಥಿಸಿದೆ. ಯಾವ ರೋಗ, ಎಷ್ಟು ದಿನದ್ದು, ಅವರಿಗಾಗಿ ಏನನ್ನು ಬೇಡಬೇಕು, ಒಂದೂ ನನಗೆ ಗೊತ್ತಿರಲಿಲ್ಲ.